ಬೋಳು ಮರದ ಗೆಲುವು

ಮೂರನೆಯ ತಿಂಗಳ ಹುಣ್ಣಿಮೆ.

ಇವತ್ತಿನ ಖರ್ಚು: ಎರಡು ಜಾಡಿ ಅಕ್ಕಿ ಹೆಂಡ, ಒಂದು ಬಾತುಕೋಳಿ, ನನ್ನ ನಾಲಿಗೆಯ ತೇವ. ಒಂದಕ್ಕೂ ಬೇಸರವಿಲ್ಲ.

ಹೊಳೆಯ ಆಚೆ ದಡದ ತಾವ್‌ನ ಹೆಂಡದಂಗಡಿಯ ಗೋಡೆಯ ಮೇಲೆ ದೊಡ್ಡವರು ಬರೆದ ಕವಿತೆಯಿದೆ, ಗಿರಾಕಿಗಳೆಲ್ಲ ಅಲ್ಲಿಗೇ. ಈಚೆ ದಡದ ನನ್ನ ಅಂಗಡಿಯ ಗೋಡೆ ಖಾಲಿ. ಈ ವಸಂತವೂ ಹೀಗೇ ಕಳೆದಿದ್ದರೆ ಅಂಗಡಿ ಮುಚ್ಚಬೇಕಿತ್ತು. ಇಂದು ಲೌ ಪಂಡಿತರು ದೂರದೂರಿಗೆ ಹೊರಟ ಗೆಳೆಯನನ್ನು ಬೀಳ್ಕೊಡಲು ನನ್ನ ದೋಣಿ ಕಡವಿಗೆ ಬಂದರು. ಹೊರಡುವವರ ಕೈಗೆ ನೆನಪಿಗೆಂದು ವಿಲೋ ಮರದ ರೆಂಬೆ ಮುರಿದು ಕೊಡುವುದು ಪದ್ಧತಿಯಲ್ಲ, ನೋಡಿದರೆ ನನ್ನ ವಿಲೋ ಮರ ಬೋಳು.

"ಏನಮ್ಮಾ, ನಿನ್ನ ಮರಕ್ಕೆ ವಸಂತಾನೇ ಬಂದಿಲ್ವಲ್ಲ! ನಡೀರಯ್ಯಾ, ತಾವ್ ಹತ್ರ ಹೋಗೋಣ."

"ಬಂದಿತ್ತು ಸ್ವಾಮಿ. ಹೋದೋರೆಲ್ಲ ಒಂದೊಂದು ಹಿಡಿ ಮುರ್ಕೊಂಡು ಹೋದ್ರು. ತಾವ್ ಮರ ಹಸಿರಾಗಿದೆ, ಯಾಕಂದ್ರೆ ಬೇಲಿ ಹಾಕಿದಾನೆ. ನಾನು ಅಳೋರ ಕೈ ತಡೀಲಿಲ್ಲ."

ದೋಣಿಯತ್ತ ಹೊರಟಿದ್ದ ಪಂಡಿತರು ತಿರುಗಿ ಬಂದು ಕೂತರು. ಆಮೇಲೆ ಕುಂಚ ಕೇಳಿದರು. ಬರೆದೇಬಿಟ್ಟರು, ನನ್ನ ಗೋಡೆಯ ಮೇಲೆ!

'ಹೋದವರ ಕೈಯಲ್ಲಿ ವಸಂತ. ದಡದಲ್ಲಿ ನಿಂತ ಮರ ಬರಿಗೈ.'

ಗೆಳೆಯ ಅತ್ತು ಎರಡನೆಯ ಜಾಡಿ ತೆರೆಸಿದ. ಸಂಜೆಗೆ ಆಚೆ ದಡವೇ ದೋಣಿ ಹತ್ತಿ ಓದಲು ಬಂತು, ಕೊನೆಯ ದೋಣಿಯಲ್ಲಿ ತಾವ್ ಕೂಡ.

ಪಂಡಿತರಿಗೆ ಕವಿತೆ. ಗೆಳೆಯನಿಗೆ ಅಳಲು ನೆಪ. ತಾವ್‌ಗೆ ಬೇಲಿ. ನನಗೆ ಗೋಡೆ. ಮರಕ್ಕೆ, ಯಾರೂ ಏನೂ ಕೇಳದ ಒಂದು ಸಂಜೆ.