ಕೆಂಪು ಬೆನ್ನು, ಕಪ್ಪು ಬೆನ್ನು

ನನ್ನ ರಜಿಯಾ ಅಕ್ಕೋರಿಗೆ,

ಗಜೇಂದ್ರಗಡದ ಗುಡ್ಡದಲ್ಲಿ ಬೋನಿನೊಳಗಿನ ಕಾಡಿಲಿಯನ್ನು ಬಟ್ಟೆಯ ಚೀಲಕ್ಕೆ ಇಳಿಸಿಕೊಂಡ ಬೆಳಗು ನೆನಪಿದೆಯೇ? ಅದರ ಬೆನ್ನು ಅಲ್ಲಿನ ಕಲ್ಲಿನಷ್ಟೇ ಕೆಂಪು. ಚಿಕ್ಕನರಗುಂದದ ಕಪ್ಪು ಮಣ್ಣಿನ ಎರೆಹೊಲದಲ್ಲಿ ಸಿಕ್ಕಿದ್ದ ಇಲಿಯದು ಮಸಿಗಪ್ಪು. "ನೋಡವಾ ಶೋಭಾ, ಇವು ಬ್ಯಾರೆ ಬ್ಯಾರೆ ಜಾತಿ. ಬೇಕಾದ್ರ ಬರದು ಕೊಡ್ತೀನಿ," ಎಂದಿರಿ. ನಾನು ನಿಮ್ಮ ವಿದ್ಯಾರ್ಥಿನಿ, ಆದರೂ ಸುಮ್ಮನಿರಲಿಲ್ಲ. "ಮಣ್ಣಿಗೆ ತಕ್ಕ ಬಣ್ಣ ಇರಬಹುದ್ರಿ ಅಕ್ಕೋರ." ಆ ವಾದ ರೋಣದ ಬಸ್ಸಿನಲ್ಲೂ ಮುಂದುವರಿಯಿತು. ಕಂಡಕ್ಟರ್ ನಮ್ಮ ಕಡೆ ತಿರುಗಿ "ಜಗಳಾ ಮನ್ಯಾಗ ಮಾಡ್ರಿ," ಎಂದಾಗ ನೀವು ಕಣ್ಣಲ್ಲಿ ನೀರು ಬರುವಂತೆ ನಕ್ಕಿರಿ.

ಸೂಡಿಗೆ ಹೋದ ದಿನವಂತೂ ಮರೆಯಲಾರೆ. ಹಲ್ಲು, ಬಾಲ, ಪಾದ ಅಳೆದು ಸೋತಿದ್ದೆವು. ಕಿವಿಯಂಚಿನ ಚೂರಷ್ಟೇ ತೆಗೆದುಕೊಂಡು ಇಲಿಗಳನ್ನು ಬಿಟ್ಟುಬಿಡುವುದು, ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸುವುದು ಎಂದು ನೀವೇ ಹೇಳಿದಿರಿ. ಕೆಂಪು ನೆಲ ಮುಗಿದು ಎರೆ ಶುರುವಾಗುವ ಆ ಹೊಲಗಳಲ್ಲಿ ಎರಡು ಬಣ್ಣದವೂ ಇದ್ದವು. ಅವು ಪರಸ್ಪರ ಕೂಡಿ ಮರಿ ಹಾಕುತ್ತವೆಯೇ ಇಲ್ಲವೇ ಎಂಬುದರ ಮೇಲೆ ನಮ್ಮ ತೀರ್ಮಾನ ನಿಂತಿತ್ತು. ಮಧ್ಯಾಹ್ನ ಬದುವಿನ ಮೇಲೆ ಕುಳಿತಾಗ ಮುರಿದ ರೊಟ್ಟಿಯನ್ನು ನೀವು ಬಾಯಿಗಿಡಲಿಲ್ಲ. ಹೊಟ್ಟೆ ಒತ್ತಿ ಹಿಡಿದು "ಏನಿಲ್ಲವಾ, ಬಿಸಲು," ಎಂದಿರಿ. ಬಿಸಿಲಾಗಿರಲಿಲ್ಲ, ಅಲ್ಲವೇ? ಕಾಯಿಲೆಯ ವಿಷಯ ನಿಮಗೆ ಆಗಲೇ ಗೊತ್ತಿತ್ತೇ?

ದವಾಖಾನೆಯಲ್ಲಿ ಪ್ರತಿ ಸಂಜೆ ನಿಮ್ಮದು ಡಿಎನ್‌ಎ ಫಲಿತಾಂಶದ ಅದೊಂದೇ ಪ್ರಶ್ನೆ. "ಬಂತೇನು?"

"ಇನ್ನೂ ಇಲ್ರಿ. ಲಗೂ ಬರತೈತಿ."

"ಬಂದ್ರ ಮೊದಲ ನನಗ ಹೇಳು. ನೀ ಗೆದ್ರೂ ಹೇಳು."

ಕೊನೆಯ ಸಂಜೆ ನನ್ನ ಕೈ ಹಿಡಿದು ಇನ್ನೇನೋ ಹೇಳಹೊರಟಿರಿ. ಕೆಮ್ಮು ಬಂತು, ನರ್ಸ್ ನನ್ನನ್ನು ಹೊರಗೆ ಕಳಿಸಿದಳು, ಆಮೇಲೆ... ಏನಾಗಿತ್ತು ಆ ಮಾತು, ಅಕ್ಕೋರೇ?

ನಿಮ್ಮನ್ನು ಕಬರಸ್ತಾನಕ್ಕೆ ಒಯ್ದಾಗ ಹೆಂಗಸರೆಲ್ಲ ಮನೆಯಲ್ಲೇ ಉಳಿದೆವು. ನಿಮ್ಮ ಅಮ್ಮ ನನ್ನನ್ನು ಎದೆಗೆ ಒತ್ತಿಕೊಂಡು "ಇನ್ನ ಯಾರ ಜೋಡಿ ವಾದಾ ಮಾಡ್ತಿ, ಬೇಟಿ?" ಎಂದರು.

ನಿನ್ನೆ ಫಲಿತಾಂಶ ಬಂತು. ಅವು ಎರಡಲ್ಲ ಅಕ್ಕೋರೇ, ಒಂದೇ ಪ್ರಭೇದ. ಸೂಡಿಯ ಇಲಿಗಳಲ್ಲಿ ಗುಡ್ಡದ ವಂಶವಾಹಿಗಳೂ ಎರೆಯ ವಂಶವಾಹಿಗಳೂ ಬೆರೆತುಹೋಗಿವೆ. ಎಷ್ಟೋ ತಲೆಮಾರುಗಳಿಂದ ಅವು ಕೂಡುತ್ತಲೇ ಬಂದಿವೆ. ಬೇರೆ ಇದ್ದದ್ದು ಬೆನ್ನಿನ ಬಣ್ಣವಷ್ಟೇ. ನಾನು ಗೆದ್ದೆ. ಗೆದ್ದು, ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ನೀವಿದ್ದಿದ್ದರೆ ಇಷ್ಟು ಸುಲಭಕ್ಕೆ ಒಪ್ಪುತ್ತಿದ್ದಿರೇ? ನನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಿರಿ, ಇನ್ನಷ್ಟು ಇಲಿ ಹಿಡಿಯೋಣ ಎನ್ನುತ್ತಿದ್ದಿರಿ.

ಮುಶಿಗೇರಿಯ ಕಡೆ ನಾವು ಒಂದು ಬೋನನ್ನೂ ಇಟ್ಟಿಲ್ಲ. ಬರುವ ಸೋಮವಾರ ಅಲ್ಲಿಗೆ ಹೋಗುತ್ತಿದ್ದೇನೆ. ಈ ಸಲ ನಿಮ್ಮ ಪರವಾಗಿ, ನನ್ನ ವಿರುದ್ಧ.

ನಿಮ್ಮ
ಶೋಭಾ