ಕಾರ್ಡಿನಲ್ಲಿದ್ದ ‘ಹೌದು’

ನವೆಂಬರ್ 21, 2024, ಗುರುವಾರ

ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡ್ ಅರ್ಧ ನೋಡಿದೆ. ಶನಿವಾರದ ಕ್ವಿಜ್ ಕಾರ್ಡ್ ಮುಗಿಸಿದೆ. ಕೊನೆಯದು ತೀರಾ ಸುಲಭ ಅನಿಸಿತು — ‘ದೂರದ ಗ್ಯಾಲಕ್ಸಿಗಳ ನಡುವಿನ ಅಂತರ ಹಿಗ್ಗುತ್ತಿದೆಯೇ?’ ಹೊಡೆದುಹಾಕಿ ಬೇರೆ ಬರೆದೆ — ‘ವಿಶ್ವ ಹಿಗ್ಗುವಾಗ ನಮ್ಮ ಗ್ಯಾಲಕ್ಸಿಯ ಒಳಗಿನ ಜಾಗವೂ ಹಿಗ್ಗುತ್ತದೆಯೇ?’ ಲಕೋಟೆ ಅಂಟಿಸಿದೆ.

ನವೆಂಬರ್ 23, ಸಂಜೆ 6

ಸಿದ್ದಾಪುರದಲ್ಲಿ ಕ್ವಿಜ್. ಯಲ್ಲಾಪುರಕ್ಕೂ ಸಿದ್ದಾಪುರಕ್ಕೂ ಟೈ. ಕೊನೆಯ ಕಾರ್ಡ್. ಸಿದ್ದಾಪುರದ ಕಡೆಯಿಂದ ಬಿಳಗಿಯ ಹುಡುಗಿ ಪ್ರತಿಭಾ ಎದ್ದಳು.

“ಇಲ್ಲ ಸರ್. ಗ್ಯಾಲಕ್ಸಿ ಒಳಗೆ ಗುರುತ್ವಾಕರ್ಷಣೆನೇ ಗೆದ್ದಿರ್ತದೆ. ನಕ್ಷತ್ರ ದೂರ ಹೋಗೂದಿಲ್ಲ.”

ಸರಿಯಾದ ಉತ್ತರ. ಕ್ವಿಜ್ ನಡೆಸುತ್ತಿದ್ದ, ಯಲ್ಲಾಪುರ ಕಡೆಯ ಕಿರವತ್ತಿಯ ಮೇಷ್ಟ್ರು ಮಡಿವಾಳಪ್ಪ ಕಾರ್ಡ್ ತಿರುಗಿಸಿದರು.

“ಕಾರ್ಡಿನ್ಯಾಗ ‘ಹೌದು’ ಅಂತ ಐತಿ. ತಪ್ಪಾತವಾ.”

ಅದು ಹಳೆಯ ಪ್ರಶ್ನೆಯ ಉತ್ತರ. ಪ್ರಶ್ನೆ ಬದಲಿಸಿದ್ದೆ, ಉತ್ತರ ಬದಲಿಸಿರಲಿಲ್ಲ. ಮೊದಲ ಸಾಲಿನಲ್ಲೇ ಕುಳಿತಿದ್ದೆ. ಬಾಯಿ ತೆರೆಯಲಿಲ್ಲ.

“ನಿಮ್ಮ ಯಲ್ಲಾಪುರದವ್ರನ್ನ ಗೆಲ್ಸೂಕೆ ಮಾಡಿದ್ದು!” — ಪ್ರತಿಭಾಳ ಅಣ್ಣ ಉಲ್ಲಾಸ ವೇದಿಕೆ ಹತ್ತಿದ. ಕೈಯಲ್ಲಿ ಕಬ್ಬಿಣದ ಕುರ್ಚಿ. ಒಂದೇ ಏಟು. ಮಡಿವಾಳಪ್ಪನವರ ದವಡೆ ಮುರಿದ ಸದ್ದು ಮೈಕಿನಲ್ಲಿ ಕೇಳಿತು. ಯಲ್ಲಾಪುರದವರು ಉಲ್ಲಾಸನನ್ನು ಕೆಳಗೆಳೆದು ತುಳಿದರು. ಪ್ರತಿಭಾ ಅವನ ಮೇಲೆ ಅಡ್ಡ ಬಿದ್ದಳು. ಅವಳ ಮುಖಕ್ಕೂ ಒದೆ. ಮಡಿವಾಳಪ್ಪನವರನ್ನು ಎತ್ತಿ ಜೀಪಿಗೆ ಹಾಕಿದವರಲ್ಲಿ ನಾನೂ ಒಬ್ಬ.

ಮನೆಯ ಬಾಗಿಲಲ್ಲೇ ರೋಹಿಣಿ — “ಅಂಗಿ ಮೇಲೆ ರಕ್ತ ಇದ್ದಲ! ಎಂತ ಆತು?”

ಗಲಾಟೆ ಆಯಿತು ಎಂದೆ. ಕಾರ್ಡಿನ ವಿಷಯ ಹೆಂಡತಿಗೂ ಹೇಳಲಿಲ್ಲ.

ನವೆಂಬರ್ 26

ಉಲ್ಲಾಸ ಜೈಲಿನಲ್ಲಿ. ಪ್ರತಿಭಾ ಶಿರಸಿಗೆ, ನಮ್ಮ ಸ್ಟಾಫ್ ರೂಮಿಗೇ ಬಂದಳು. ಹುಬ್ಬಿನ ಮೇಲೆ ಹೊಲಿಗೆ.

“ಸರ್, ಪ್ರಶ್ನೆ ನೀವು ತೆಗೆದದ್ದಂತೆ. ನಂದು ತಪ್ಪಾ?”

“ನೋಡಿ ಹೇಳ್ತೇನೆ” ಎಂದೆ. ನೋಡುವುದೇನಿತ್ತು...

ಡಿಸೆಂಬರ್ 9

ಕೊನೆಗೂ ಆಸ್ಪತ್ರೆಗೆ ಹೋದೆ. ಮಡಿವಾಳಪ್ಪನವರ ಹಲ್ಲುಗಳಿಗೆ ತಂತಿ ಬಿಗಿದಿದ್ದಾರೆ, ಮಾತಿಲ್ಲ. ಎಲ್ಲ ಹೇಳಿದೆ. ಗಂಜಿಯ ಲೋಟ ನನ್ನ ಮುಖಕ್ಕೆ ಎಸೆದರು. ಆಮೇಲೆ ಚೀಟಿಯಲ್ಲಿ ಗೀಚಿದರು: “ಮೊದಲ ಆ ಹುಡುಗಿಗೆ ಹೇಳ್ರಿ.”

ಆಯೋಜಕರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅವಳೆದುರು ನಿಲ್ಲುವ ಧೈರ್ಯ ಮಾತ್ರ...

ಡಿಸೆಂಬರ್ 12, ಮಧ್ಯಾಹ್ನ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಇಸಳೂರಿನ ನಮ್ಮ ಮನೆಗೇ ಬಂದರು, ಅಣ್ಣ ತಂಗಿ ಇಬ್ಬರೂ. ಅವನಿಗೆ ಜಾಮೀನು ಸಿಕ್ಕಿದೆ. ನನ್ನ ಪತ್ರದ ಸುದ್ದಿಯೂ ತಲುಪಿದೆ. ಉಲ್ಲಾಸ ಗೇಟಿನಲ್ಲೇ ನನ್ನನ್ನು ಹಿಡಿದ. ನನ್ನ ಬಲಗೈ ಗೇಟಿನ ಸಂದಿಗಿಟ್ಟು ಗೇಟು ಬಡಿದ. ಎರಡು ಸಲ. ಮೂರು ಬೆರಳು ಮುರಿದವು.

“ಬಿಡೋ!” — ಪ್ರತಿಭಾ ಅವನನ್ನು ಆಚೆ ದೂಡಿದಳು. ಬಚಾವಾದೆ ಅಂದುಕೊಂಡೆ. ಅವಳೇ ಕೆನ್ನೆಗೆ ಬಾರಿಸಿದಳು.

“ಕಾರ್ಡ್ ತಪ್ಪಿದ್ದಕ್ಕಲ್ಲ. ನಾ ಬಂದು ಕೇಳ್ದಾಗ ಎಂತಕ್ಕೆ ಸುಮ್ನಿದ್ರಿ?”

“ಹೆದರಿದೆ.”

ಉಗಿದು ಹೋದಳು.

ಪೊಲೀಸರು ಜಗಲಿಯಲ್ಲಿ ಕುಳಿತಿದ್ದಾರೆ. ಕಂಪ್ಲೇಂಟ್ ಬರೆಸಬೇಕಂತೆ. ರೋಹಿಣಿ — “ಹೆಸರು ಹೇಳಿ, ಸುಮ್ಮಂಗೆ ಬಿಡಡಿ.”

ಹೇಳುತ್ತೇನೆ. ತಪ್ಪು ಮಾಡಿದವರ ಹೆಸರು ಎಂದರೆ, ಮೊದಲು ನನ್ನದೇ.