ಅತ್ತೆಯವರಿಗೆ ತಕ್ಕ ಸೀಟು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ

ನನ್ನ ಮುದ್ದು ಜಗಳಗಂಟಿಗೆ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಇಳಿದಿದೆ ಎಂದು ಅಳಿಯಂದಿರು ಹೇಳಿದರು. ಆದರೆ ಅವರು ನಿನಗೆ ನೂರಾ ಮೂರು ಡಿಗ್ರಿ ಜ್ವರ ಬಂದಾಗಲೂ 'ಆರಾಮಾಗಿದ್ದಾಳೆ' ಅಂದ ಮಹಾನುಭಾವರು, ಅವರ ವರದಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎಡ ಮಗ್ಗುಲಿಗೆ ಮಲಗು. ಎಂಟನೇ ತಿಂಗಳು ನಡೆಯುತ್ತಿದೆ, ಮೇಲಿನ ಕಪಾಟಿಗೆ ಕೈ ಚಾಚಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಬೆನ್ನುನೋವು ಹಾಗೇ ಇದೆ, ನನ್ನ ಮಾತು ಕಿವಿಗೆ ಹಾಕಿಕೊಳ್ಳದ ಅಭ್ಯಾಸವೂ ಹಾಗೇ ಇದೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ, ಅದಕ್ಕೇ ಅಕ್ಷರ ಅಲ್ಲಲ್ಲಿ ಹಾರಿದೆ.

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ: 'ಅಮ್ಮಾ, ಹೆರಿಗೆಗೆ ಅತ್ತೆ ಬರ್ತಿದಾರೆ. ಹದಿನಾಲ್ಕು ಗಂಟೆ ಕೂರ್ಬೇಕು. ಯಾವ ವಿಮಾನ ಆರಾಮು, ಯಾವ್ದು ಸೇಫು? ನಿನಗೆ ಗೊತ್ತಿರತ್ತಲ್ಲ, ಸ್ವಲ್ಪ ಹೇಳು.' ಒಂದು ದಿನವೂ ವಿಮಾನ ಹತ್ತದವಳನ್ನು ಇಂಥದ್ದು ಕೇಳಿದೆಯಲ್ಲ ಎಂದು ನಿಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬರೆದು ತಿಳಿಸುತ್ತೇನೆ ಅಂದೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಈಗ ಕಾಗದದ ಮೇಲೆ ಯಾರೂ ನನ್ನನ್ನು ತಡೆಯುವ ಹಾಗಿಲ್ಲ, ಪೂರ್ತಿ ಓದು.

ನನ್ನ ಕೆಲಸ ಏನೆಂದು ನಿನ್ನ ಅತ್ತೆಯವರಿಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ, ಅವರಿಗೂ ಫೋನಿನಲ್ಲಿ ಈ ಭಾಗ ಓದಿ ಹೇಳು. ಇಪ್ಪತ್ತೆರಡು ವರ್ಷ ನಾನು ವಿಮಾನದ ಸೀಟಿಗೆ ಕವರು ಹೊಲಿದೆ. ಎರಡು ವರ್ಷದ ಹಿಂದೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ಮನೆಗೆ ಕಳಿಸದೆ ಕೂರುವ ವಿಭಾಗಕ್ಕೆ ಹಾಕಿದರು. ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ರೆಕ್ಕೆ ಇಲ್ಲದ, ಎಂಜಿನ್ ಇಲ್ಲದ ಒಂದು ಸುಳ್ಳು ವಿಮಾನ ನಿಂತಿದೆ. ಯಾವ ವಿಮಾನಕ್ಕೆ ಸೀಟು ಬೇಕೋ ಆ ಅಗಲಕ್ಕೆ ಒಳಗೆ ಸಾಲು ಜೋಡಿಸುತ್ತಾರೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಹಾಕುತ್ತಾರೆ. ನಾವು ಹತ್ತು, ಹನ್ನೆರಡು, ಹದಿನಾಲ್ಕು ಗಂಟೆ ಕೂರಬೇಕು. ಗಂಟೆಗೊಮ್ಮೆ ಕತ್ತು, ಸೊಂಟ, ತೊಡೆ, ಪಾದ ಎಂದು ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯಬೇಕು. ದಪ್ಪಗಿರುವವರು, ತೆಳ್ಳಗಿರುವವರು, ಬಾಗಿಲಲ್ಲಿ ತಲೆ ತಗ್ಗಿಸುವಷ್ಟು ಎತ್ತರದವರು, ಎಲ್ಲರೂ ಬೇಕು. ನಾನು 'ಕುಳ್ಳಗಿನ ವಯಸ್ಸಾದ ಹೆಂಗಸು' ಎಂಬ ಪಟ್ಟಿಯಲ್ಲಿದ್ದೇನೆ. ಶೆಡ್ಡಿನಲ್ಲಿ ನನ್ನ ಹೆಸರು ಸೀಟಮ್ಮ. ಜಗತ್ತಿನಲ್ಲಿ ಕೂತು ತಿನ್ನುವವಳು ನೀನೊಬ್ಬಳೇ ಎಂದು ನಿಮ್ಮಪ್ಪ ಹಂಗಿಸುತ್ತಾರೆ. ಹದಿನಾಲ್ಕು ಗಂಟೆ ಕೂತು ನೋಡಲಿ, ಆಮೇಲೆ ಮಾತಾಡಲಿ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಬೋಯಿಂಗ್ ೭೭೭ ಗಟ್ಟಿ ವಿಮಾನ, ದೂರ ಹೋಗುತ್ತದೆ, ದೂರಲು ಏನೂ ಇಲ್ಲ. ಆದರೆ ಮೊದಲು ಸಾಲಿಗೆ ಒಂಬತ್ತು ಸೀಟು ಇದ್ದ ಕಡೆ ಈಗ ಬಹಳ ಕಂಪನಿಗಳು ಹತ್ತು ತುರುಕಿವೆ. ಒಂದೊಂದು ಸೀಟಿಗೆ ಹದಿನೇಳು ಇಂಚು ಸಿಕ್ಕರೆ ಹೆಚ್ಚು. ನಿನ್ನ ಅತ್ತೆಯವರನ್ನು ನಾನು ಟೇಪು ಹಿಡಿದು ಅಳೆದಿಲ್ಲ, ಆದರೂ ಕವರು ಹೊಲಿದ ಕಣ್ಣಿಗೆ ಅಂದಾಜು ಸಿಗುತ್ತದೆ. ಬೇಡ. ಎರಡಂತಸ್ತಿನ ಏರ್‌ಬಸ್ ೩೮೦ ಇದೆಯಲ್ಲ, ಅದರಲ್ಲಿ ಸಾಲಿಗೆ ಹತ್ತು ಜನ ಕೂತರೂ ಮೊಣಕೈ ಜಗಳ ಇಲ್ಲ. ಸದ್ದೂ ಕಡಿಮೆಯಂತೆ, ಅದು ಕೇಳಿ ತಿಳಿದದ್ದು, ಕೂತು ತಿಳಿದದ್ದಲ್ಲ. ನಾನು ಎಂಟೂವರೆ ಕೊಟ್ಟೆ. ಆದರೆ ಇಳಿದ ಮೇಲೆ ಐನೂರು ಜನರ ನಡುವೆ ಪೆಟ್ಟಿಗೆ ಕಾಯುತ್ತಾ ನಿಲ್ಲಬೇಕು, ಅತ್ತೆಯವರ ಮಂಡಿಗೆ ಅದು ಆಗದು. ಬೋಯಿಂಗ್ ೭೮೭, ಏರ್‌ಬಸ್ ೩೫೦ ಇವೆರಡೂ ಹೊಸ ಕಾಲದವು. ಒಳಗಿನ ಗಾಳಿ ಆರು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ತೆಳು, ಹಳೆಯವುಗಳಲ್ಲಿ ಎಂಟು ಸಾವಿರ ಅಡಿಯವರೆಗೂ ಹೋಗುತ್ತದೆ. ಗಾಳಿಯಲ್ಲಿ ಕೊಂಚ ತೇವವೂ ಇರುವುದರಿಂದ ಗಂಟಲು ಒಣಗುವುದು ಕಡಿಮೆ, ತಲೆನೋವು ಕಡಿಮೆ. ಎರಡರಲ್ಲಿ ೩೫೦ರ ಸೀಟು ಒಂದು ಇಂಚು ಹೆಚ್ಚು ಅಗಲ. ಒಂದು ಇಂಚಿಗೆ ಇಷ್ಟು ಮಾತೇ ಅನ್ನಬೇಡ, ಒಂಬತ್ತನೇ ಗಂಟೆಯಲ್ಲಿ ಆ ಒಂದು ಇಂಚಿಗೆ ಜನ ಆಸ್ತಿ ಬರೆದುಕೊಟ್ಟಾರು.

ವಿಮಾನದ ಹೆಸರು ನೋಡಿ ಮರುಳಾಗಬೇಡ. ಒಂದೇ ವಿಮಾನವನ್ನು ಒಂದು ಕಂಪನಿ ಮನೆಯ ಪಡಸಾಲೆಯ ಹಾಗೆ ಇಟ್ಟರೆ ಇನ್ನೊಂದು ಕಂಪನಿ ಸಾಮಾನಿನ ಕೋಣೆ ಮಾಡಿರುತ್ತದೆ. ಸಾಲಿನಿಂದ ಸಾಲಿಗೆ ಮೂವತ್ತೊಂದು ಇಂಚೋ ಮೂವತ್ತಮೂರೋ ಎಂಬುದನ್ನು ತೀರ್ಮಾನಿಸುವುದು ಕಂಪನಿ, ಕಾಲು ಮಡಚಿಕೊಂಡು ಕೂರುವುದು ನಾವು. ನಾವು ಹೊಲಿದು ಕಳಿಸಿದ ಒಳ್ಳೇ ಮೆತ್ತೆಯನ್ನೇ ಎಷ್ಟೋ ಕಡೆ ಎರಡು ಬೆರಳು ತೆಳ್ಳಗೆ ಮಾಡಿಸಿಕೊಳ್ಳುತ್ತಾರೆ. ಹಿಂಬದಿಯ ಕೊನೇ ಸಾಲು ಬೇಡ, ಅಲ್ಲಿ ಸೀಟು ಹಿಂದಕ್ಕೆ ಬಾಗದೇ ಇರಬಹುದು, ಪಕ್ಕದಲ್ಲೇ ಶೌಚಾಲಯದ ಸಾಲು. ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಲಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಸೇಫು ಯಾವುದು ಅಂತ ಕೇಳಿದೆ. ನನ್ನ ಉತ್ತರ ನಿನಗೆ ಸಪ್ಪೆ ಅನ್ನಿಸಬಹುದು: ಇವೆಲ್ಲವೂ. ಎಲ್ಲಕ್ಕೂ ಒಂದೇ ಪರೀಕ್ಷೆ. ಕೂತವರ ತೂಕದ ಹದಿನಾರು ಪಟ್ಟು ರಭಸಕ್ಕೆ ಸೀಟು ಕಿತ್ತುಬರಬಾರದು, ಕವರಿಗೆ ಬೆಂಕಿ ತಾಗಿಸಿದರೆ ಅದು ತಾನಾಗಿಯೇ ಆರಬೇಕು. ನಾನು ಹೊಲಿದ ತುಂಡುಗಳನ್ನು ನನ್ನೆದುರಿಗೇ ಸುಟ್ಟಿದ್ದಾರೆ. ವಿಮಾನಕ್ಕಿಂತ ಹೆಚ್ಚಾಗಿ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಸಿಬ್ಬಂದಿಗೆ ಎಷ್ಟು ತರಬೇತಿ ಕೊಡುತ್ತಾರೆ ಎಂಬುದೇ ಮುಖ್ಯ. ಅತ್ತೆಯವರು ಮಾಡಬೇಕಾದದ್ದು ಸ್ವಲ್ಪವೇ. ತಮ್ಮ ಸೀಟಿನಿಂದ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿ ಇಟ್ಟುಕೊಳ್ಳಲಿ, ಕತ್ತಲಾದರೆ ಕೈಯಲ್ಲಿ ತಡವಿಕೊಂಡು ಹೋಗಬಹುದು. ಏರುವಾಗ, ಇಳಿಯುವಾಗ ಚಪ್ಪಲಿ ಬಿಚ್ಚದಿರಲಿ. ಬೆಲ್ಟು ಹೊಟ್ಟೆಯ ಮೇಲಲ್ಲ, ಕೆಳಗೆ, ಬಿಗಿಯಾಗಿ ಇರಲಿ. ಏನಾದರೂ ಆಗಿ ಇಳಿಯಿರಿ ಅಂದರೆ ಆ ದೊಡ್ಡ ಕೈಚೀಲವನ್ನು ಅಲ್ಲೇ ಬಿಟ್ಟು ಇಳಿಯಲಿ. ಇದನ್ನು ಎರಡು ಸಲ ಓದಿ ಹೇಳು.

ಇಳಿಯುವ ವಿಷಯ ಬಂತಲ್ಲ, ಹೋದ ಶನಿವಾರದ ಕಥೆ ಹೇಳುತ್ತೇನೆ. ಹೊಸ ಸಾಲು ಜೋಡಣೆಗೆ ಇಳಿಯುವ ಪರೀಕ್ಷೆ ಇತ್ತು. ಮುನ್ನೂರು ಜನರನ್ನು ಆ ಸುಳ್ಳು ವಿಮಾನದೊಳಗೆ ಕೂರಿಸಿ, ದೀಪ ಆರಿಸಿ, ದಾರಿಯಲ್ಲಿ ದಿಂಬು, ಚೀಲ ಚೆಲ್ಲಿ, ಅರ್ಧ ಬಾಗಿಲು ಮುಚ್ಚಿಬಿಡುತ್ತಾರೆ. ಯಾವ ಬಾಗಿಲು ಎಂದು ಮೊದಲೇ ಹೇಳುವುದಿಲ್ಲ. ಎಲ್ಲರೂ ತೊಂಬತ್ತು ಸೆಕೆಂಡಿನಲ್ಲಿ ಗಾಳಿ ತುಂಬಿದ ಜಾರುಬಂಡೆಯ ಮೇಲೆ ಹಾರಿ ಕೆಳಗಿರಬೇಕು. ಐವತ್ತು ದಾಟಿದ ಹೆಂಗಸರು ಇಂತಿಷ್ಟು ಇರಲೇಬೇಕು ಎಂದು ನಿಯಮವಿದೆ, ಅದಕ್ಕೆ ನನ್ನನ್ನೂ ಕರೆದರು. ಹಾರಬೇಕಲ್ಲ ಎಂಬ ಭಯಕ್ಕೆ ನಾನು ಹತ್ತಬಾರದು ಎಂದುಕೊಂಡೆ, ಮೆಟ್ಟಿಲ ಬಳಿಯೇ ನಿಂತುಬಿಟ್ಟೆ. ಆದರೆ ಎರಡು ವರ್ಷದೊಳಗಿನ ಮಗುವಿನ ಬದಲಿಗೆ ಮೂವರ ಕೈಗೆ ಒಂದೊಂದು ಗೊಂಬೆ ಕೊಡುತ್ತಾರೆ, ಅದರಲ್ಲಿ ಒಂದು ನನ್ನ ಪಾಲಿಗೆ ಬಂತು. ನಿಜವಾದ ಮಗುವಿನಷ್ಟೇ ಭಾರ, ಕತ್ತು ವಾಲುತ್ತದೆ. ಅದನ್ನು ಹಿಡಿದುಕೊಂಡು ಕೂತುಬಿಟ್ಟೆ.

ದೀಪ ಆರಿತು, ಗಂಟೆ ಹೊಡೆಯಿತು, 'ಹಾರಿ, ಹಾರಿ, ನಿಲ್ಬೇಡಿ' ಎಂದು ಸಿಬ್ಬಂದಿ ಕಿರುಚತೊಡಗಿದರು. ನಾನು ಏಳು ಸಾಲು ದಾಟಿ ಬಾಗಿಲಿಗೆ ಬಂದೆ. ನನ್ನ ಮುಂದಿದ್ದವರೆಲ್ಲ ಹಾರಿದರು. ನಾನು ಹೊಸ್ತಿಲಲ್ಲಿ ಕೂತೆ. ಗೊಂಬೆಯ ತಲೆಯನ್ನು ಎದೆಗೆ ಒತ್ತಿಕೊಂಡು, ಬಟ್ಟೆ ಸರಿಮಾಡಿ, ಕಾಲು ಇಳಿಬಿಟ್ಟು ಮೆಲ್ಲಗೆ ಜಾರಿದೆ. ಒಟ್ಟು ತೊಂಬತ್ತಾರು ಸೆಕೆಂಡು ಆಯಿತು, ಪರೀಕ್ಷೆ ನಪಾಸು. ನಾವೆಲ್ಲ 'ಗಡಿಯಾರ' ಎಂದು ಕರೆಯುವ ಎಂಜಿನಿಯರ್ ಬಂದು ಕೇಳಿದ, 'ಕೂತಿದ್ಯಾಕಮ್ಮಾ?' 'ಕೈಯಲ್ಲಿ ಮಗು ಇತ್ತಲ್ಲಪ್ಪಾ' ಅಂದೆ. 'ಅದು ಗೊಂಬೆ' ಅಂದ. 'ನನ್ನ ಕೈಗೆ ಅದು ಗೊತ್ತಾಗ್ಲಿಲ್ಲ' ಅಂದೆ. ಅವನು ಬೈಯಲಿಲ್ಲ. ನಿಮ್ಮಂಥವರು ನಿಜವಾದ ವಿಮಾನದಲ್ಲೂ ಇರುತ್ತಾರೆ, ಅದಕ್ಕೇ ನಿಮ್ಮನ್ನು ಕರೆಸುವುದು ಎಂದು ಹೇಳಿ ಕ್ಯಾಮೆರಾದಲ್ಲಿ ಹಿಡಿದ ಚಿತ್ರ ತೋರಿಸಿದ. ನಾನು ಜೋಪಾನ ಮಾಡುತ್ತಾ ಕೂತದ್ದು ಏಳು ಸೆಕೆಂಡು. ನನ್ನ ಬೆನ್ನ ಹಿಂದೆ ಕತ್ತಲಲ್ಲಿ ಒಂಬತ್ತು ಜನ ನಿಂತಿದ್ದರು, ಅವರಲ್ಲೊಬ್ಬಳ ಕೈಯಲ್ಲಿ ಇನ್ನೊಂದು ಗೊಂಬೆ ಇತ್ತು. ಇನ್ನೊಮ್ಮೆ ಮಾಡುತ್ತೇನೆ, ಈ ಸಲ ಹಾರುತ್ತೇನೆ ಅಂದೆ. ಒಮ್ಮೆ ಮಾಡಿದವರು ಆರು ತಿಂಗಳು ಮತ್ತೆ ಮಾಡುವಂತಿಲ್ಲವಂತೆ.

ಅವತ್ತು ಬಸ್ಸಿನಲ್ಲಿ ಮನೆಗೆ ಬರುತ್ತಾ ಒಂದು ಮಾತು ತಲೆಯಲ್ಲಿ ಕೂತಿತು, ಬರೆದುಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಏಳನೇ ತಿಂಗಳಿನಲ್ಲಿ ನಿನ್ನ ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಫೋನು ಮಾಡಿ 'ಬಾ ಅಮ್ಮಾ' ಅಂದೆ. ನಾನು 'ನಾನೂರು ಕವರಿನ ಆರ್ಡರ್ ಇದೆ ಕಣೇ, ಬಿಟ್ಟು ಬರೋ ಹಾಗಿಲ್ಲ' ಅಂದೆ. ಅದು ಸುಳ್ಳು. ಆ ಆರ್ಡರ್ ಹಿಂದಿನ ವಾರವೇ ಮುಗಿದಿತ್ತು. ನನಗೆ ವಿಮಾನ ಹತ್ತಲು ಭಯವಿತ್ತು, ಅಷ್ಟೇ. ನೀನು 'ಸರಿ ಅಮ್ಮಾ' ಅಂದೆ. ಆಮೇಲೆ ಇವತ್ತಿನವರೆಗೂ ಒಂದು ಸಲವೂ ಬಾ ಎನ್ನಲಿಲ್ಲ. ಮೊನ್ನೆ ಕೂಡ ಎಷ್ಟು ಸಲೀಸಾಗಿ ಕೇಳಿದೆ, ಅತ್ತೆಯವರಿಗೆ ಯಾವ ಸೀಟು ಅಂತ. ನನಗೆ ಸಂಕಟವಾಯಿತು. ನಿನ್ನ ಮೇಲೆ ಕೋಪ ಮಾಡಿಕೊಳ್ಳೋಣ ಎಂದು ನೋಡಿದೆ, ಅದಕ್ಕೆ ನನಗೆ ಯಾವ ಹಕ್ಕೂ ಸಿಗಲಿಲ್ಲ. ಇದನ್ನು ನಿಮ್ಮಪ್ಪನಿಗೂ ಹೇಳಿರಲಿಲ್ಲ, ಭಾನುವಾರ ಹೇಳಿದೆ. ಅವರು ಎದ್ದುಹೋಗಿ ನನಗೆ ಕಾಫಿ ಮಾಡಿಕೊಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು, ಹಾಗೇ ಕುಡಿದೆ.

ಇನ್ನೇನೂ ವಿಶೇಷವಿಲ್ಲ. ಔಷಧಿಯನ್ನು ಹೊತ್ತು ಹೊತ್ತಿಗೆ ತೆಗೆದುಕೋ. ಅಳಿಯಂದಿರಿಗೆ ನನ್ನ ನಮಸ್ಕಾರ, ಮುಂದೆ ವರದಿ ಕೊಡುವಾಗ ನಿಜ ಹೇಳಲು ತಿಳಿಸು. ನಿಮ್ಮಪ್ಪ ಆಶೀರ್ವಾದ ಬರೆಯಲು ಹೇಳಿ ಆಗಲೇ ಗೊರಕೆ ಹೊಡೆಯುತ್ತಿದ್ದಾರೆ. ಹೊಟ್ಟೆಯೊಳಗಿನ ಪುಟಾಣಿಯೂ ನೀನೂ ಇಬ್ಬರಾಗಿ, ಗಟ್ಟಿಮುಟ್ಟಾಗಿ ಮನೆಗೆ ಬನ್ನಿ. ನನಗೆ ಬೇರೆ ಆಸೆಯಿಲ್ಲ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು, ಅಂಚೆ ಡಬ್ಬಿ ನಾಲ್ಕಕ್ಕೆ ತೆಗೆಯುತ್ತಾರೆ. ನಿನ್ನೆ ನಿನ್ನ ಅತ್ತೆಯವರ ಜೊತೆ ಟಿಕೆಟು ಕಚೇರಿಗೆ ಹೋಗಿದ್ದೆ. ಏಪ್ರಿಲ್ ಇಪ್ಪತ್ತರ ೩೫೦ ಸಿಕ್ಕಿತು. ಕೌಂಟರಿನವಳು 'ಒಂದೇನಮ್ಮಾ?' ಅಂದಳು. ನಾನು 'ಎರಡು' ಅಂದೆ. ಎರಡನೆಯದು ನನ್ನದು. ನನಗೇನೂ ಧೈರ್ಯ ಬಂದಿಲ್ಲ, ಅಕ್ಷರ ಅಲ್ಲಲ್ಲಿ ಹಾರಿದ್ದರಲ್ಲಿ ಮೊಳೆ ಹೊಡೆಯುವವರ ತಪ್ಪೇನೂ ಇಲ್ಲ. ಫೋನು ಮಾಡಿದಾಗ 'ನಿಧಾನವಾಗಿ ಯೋಚ್ನೆ ಮಾಡಮ್ಮಾ, ತೊಂದ್ರೆ ತಗೋಬೇಡ' ಅಂತ ಮಾತ್ರ ಅನ್ನಬೇಡ, ಅಷ್ಟು ಸಾಕು, ನಾನು ಮತ್ತೆ ಕೂತುಬಿಡುತ್ತೇನೆ. ನೀನು ಕರೆಯದಿದ್ದರೂ ಬರುತ್ತೇನೆ. ಆದರೂ ಒಂದು ಸಲ ಬಾ ಅನ್ನು.